70 ಓಟ, 14 ಗೆಲುವು: ಹೊಸ ಟ್ರೈನರ್‌ನ ಲೆಕ್ಕ ಓದುವುದು ಹೇಗೆ?

ಪ್ರಶ್ನೆ: ಮೈಸೂರಿನ ನಾವು ನಾಲ್ವರು ಗೆಳೆಯರು ಸೇರಿ ಎರಡು ವರ್ಷದ ಕುದುರೆಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇವೆ. ಅದನ್ನು ಇತ್ತೀಚೆಗೆ ಲೈಸೆನ್ಸ್ ಪಡೆದ ಯುವ ಟ್ರೈನರ್ ಒಬ್ಬರ ಕೈಗೆ ಕೊಡೋಣವೆಂದು ಒಬ್ಬ ಗೆಳೆಯನ ಒತ್ತಾಯ. ಬೆಂಗಳೂರು, ಮೈಸೂರು ಎರಡೂ ಕಡೆ ಸೇರಿ ಅವರ ಕುದುರೆಗಳು 70 ಸಲ ಓಡಿ 14 ಸಲ ಗೆದ್ದಿವೆ. ಅಂದರೆ ಶೇಕಡಾ 20. ಇನ್ನೊಬ್ಬ ಗೆಳೆಯ, ‘ಗೆದ್ದವೆಲ್ಲ ಹಳೆಯ ಗುರುವಿನ ಲಾಯದಿಂದ ಬಂದ ಕುದುರೆಗಳು, ಇವರದೇನಿದೆ’ ಎನ್ನುತ್ತಾನೆ. ಎಲ್ಲ ಓಟಗಳ ಪಟ್ಟಿಯನ್ನೂ ಬುಕ್‌ಮೇಕರ್‌ಗಳ ದರಗಳನ್ನೂ ಲಗತ್ತಿಸಿದ್ದೇನೆ. ಯಾರ ಮಾತು ನಂಬಬೇಕು?

ಉತ್ತರ: ಶೇಕಡಾ 20 ಎಂಬ ಅಂಕಿಯನ್ನು ಮೊದಲು ಪಕ್ಕಕ್ಕಿಡಿ. ನೀವು ಕಳುಹಿಸಿದ ಪಟ್ಟಿಯಲ್ಲಿ ಅದಕ್ಕಿಂತ ಬೆಲೆಬಾಳುವ ಸಾಕ್ಷಿ ಇದೆ. ಅದರ ಬಹುಪಾಲು ಇರುವುದು ಸೋತ ಕುದುರೆಗಳ ಸಾಲಿನಲ್ಲಿ.

70 ಓಟಗಳು ಎಂದರೆ ತೀರಾ ಕಡಿಮೆ. ಒಬ್ಬ ಸಾಧಾರಣ ಟ್ರೈನರ್ ಇದ್ದಾರೆ, ಅವರ ನಿಜವಾದ ಸಾಮರ್ಥ್ಯ ನೂರು ಓಟಕ್ಕೆ 12 ಗೆಲುವಿನಷ್ಟು ಎಂದುಕೊಳ್ಳಿ. ಅಂಥವರಿಗೂ 70 ಓಟಗಳಲ್ಲಿ 14 ಅಥವಾ ಅದಕ್ಕಿಂತ ಹೆಚ್ಚು ಗೆಲುವು ಬರೀ ಅದೃಷ್ಟದಿಂದ ಬೀಳುವ ಸಂಭವ ನೂರಕ್ಕೆ ಸುಮಾರು ನಾಲ್ಕು. ನಾಲ್ಕೇ ತಾನೆ ಎನ್ನಬೇಡಿ. ಸಾಧಾರಣ ಸಾಮರ್ಥ್ಯದ ಇಪ್ಪತ್ತೈದು ಹೊಸಬರು ಲೈಸೆನ್ಸ್ ಪಡೆದರೆ ಅವರಲ್ಲಿ ಒಬ್ಬರ ಲೆಕ್ಕ ಹೀಗೆ ಹೊಳೆಯುತ್ತದೆ, ಮತ್ತು ನಿಮ್ಮ ಗೆಳೆಯನ ಬಾಯಲ್ಲಿ ಹೆಸರಾಗಿ ಬರುವುದು ಆ ಒಬ್ಬರೇ. ಉಳಿದ ಇಪ್ಪತ್ತನಾಲ್ಕು ಮಂದಿಯ ಬಗ್ಗೆ ನಿಮಗೆ ಯಾರೂ ಪತ್ರ ಬರೆಯಲು ಹೇಳುತ್ತಿರಲಿಲ್ಲ. ಹೀಗಾಗಿ ಶೇಕಡಾ 20 ಎಂದು ಕಂಡದ್ದನ್ನು ‘12 ಮತ್ತು 30ರ ನಡುವೆ ಎಲ್ಲೋ’ ಎಂದು ಓದಿಕೊಳ್ಳುವುದು ಕ್ಷೇಮ.

ಮೈದಾನದ ಗಾತ್ರವೂ, ಅಂದರೆ ಒಂದು ಓಟದಲ್ಲಿ ಎಷ್ಟು ಕುದುರೆಗಳು ಓಡುತ್ತವೆ ಎಂಬುದೂ, ಇದಕ್ಕೆ ಸೇರುತ್ತದೆ. ಎಂಟು ಕುದುರೆ ಓಡುವ ಓಟದಲ್ಲಿ ಕಣ್ಣುಮುಚ್ಚಿ ಚೀಟಿ ಎತ್ತಿದರೂ ಶೇಕಡಾ 12.5 ಗೆಲುವು ಸಿಗುತ್ತದೆ, ಹದಿನಾಲ್ಕು ಕುದುರೆಗಳ ಓಟದಲ್ಲಿ ಏಳಕ್ಕಿಂತ ಸ್ವಲ್ಪವೇ ಹೆಚ್ಚು. ಬೆಂಗಳೂರಿನ ಬೇಸಿಗೆ ಋತುವಿನ ದೊಡ್ಡ ಮೈದಾನಗಳನ್ನೂ ಮೈಸೂರಿನ ವಾರದ ನಡುವಿನ ಸಣ್ಣ ಓಟಗಳನ್ನೂ ಒಂದೇ ತಕ್ಕಡಿಗೆ ಹಾಕಿ ಶೇಕಡಾವಾರು ತೆಗೆದರೆ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ.

ಈಗ ನಿಮ್ಮ ಎರಡನೆಯ ಗೆಳೆಯನ ಆಕ್ಷೇಪಕ್ಕೆ ಬರೋಣ, ಏಕೆಂದರೆ ವಿಷಯದ ತಿರುಳು ಅಲ್ಲಿದೆ. ವರ್ಗವಾಗಿ ಬಂದ ಮುಖ್ಯೋಪಾಧ್ಯಾಯರು ಮೊದಲ ವರ್ಷದ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಸನ್ಮಾನ ಮಾಡಿಸಿಕೊಳ್ಳುವುದನ್ನು ನೋಡಿದ್ದೀರಿ. ಹೊಸ ಟ್ರೈನರ್‌ಗಳ ಮೊದಲ ಗೆಲುವುಗಳಲ್ಲೂ ಈ ಗುಣ ಇರುತ್ತದೆ. ಕುದುರೆಯ ಮೂಳೆ, ಉಸಿರು, ಗೇಟಿನ ಅಭ್ಯಾಸ, ಗುಂಪಿನಲ್ಲಿ ಹೆದರದೆ ನುಗ್ಗುವ ಧೈರ್ಯ ಇವೆಲ್ಲ ತಿಂಗಳುಗಟ್ಟಲೆ ಬೆಳಗಿನ ದುಡಿಮೆಯಿಂದ ಬಂದವು. ಲಾಯ ಬದಲಾದ ಮಾತ್ರಕ್ಕೆ ಅವು ಅಳಿಸಿಹೋಗುವುದಿಲ್ಲ. ಆದರೆ ಫಲಿತಾಂಶದ ಕಾಗದದಲ್ಲಿ ಓಟದ ದಿನ ಲೈಸೆನ್ಸ್ ಯಾರ ಹೆಸರಿನಲ್ಲಿತ್ತೋ ಅವರ ಹೆಸರಷ್ಟೇ ಅಚ್ಚಾಗುತ್ತದೆ.

ಇದಕ್ಕೆ ಐರ್ಲೆಂಡಿನ ಓಬ್ರಿಯನ್ ಕುಟುಂಬದಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗದು. ತಂದೆ ಏಡನ್ ಓಬ್ರಿಯನ್ ಲೈಸೆನ್ಸ್ ಪಡೆದದ್ದು 1993ರಲ್ಲಿ. ಬಂದ ವೇಗದಲ್ಲೇ ಜಂಪ್ ಓಟಗಳಲ್ಲಿ (ಕುದುರೆಗಳು ಅಡ್ಡ ಬೇಲಿಗಳನ್ನು ಹಾರುವ ಓಟ) ಚಾಂಪಿಯನ್ ಆದರು ಎಂದು ಕೇಳಿದರೆ ಪವಾಡ ಅನಿಸುತ್ತದೆ. ಆದರೆ ಅದಕ್ಕೂ ಮುಂಚಿನ ಋತುವಿನಲ್ಲಿ ಚಾಂಪಿಯನ್ ಆಗಿದ್ದವರು ಅವರ ಪತ್ನಿ ಆನ್‌ಮರಿ. ಕಿಲ್ಕೆನ್ನಿ ಜಿಲ್ಲೆಯ ಪಿಲ್ಟೌನಿನ ಅದೇ ಲಾಯದಲ್ಲಿ ಗಂಡಹೆಂಡಿರಿಬ್ಬರೂ ದುಡಿಯುತ್ತಿದ್ದರು, ಮತ್ತು ಏಡನ್ ಅದಕ್ಕೂ ಮೊದಲು ಹಿರಿಯ ಟ್ರೈನರ್ ಜಿಮ್ ಬೋಲ್ಜರ್ ಅವರ ಬಳಿ ಸಹಾಯಕರಾಗಿದ್ದವರು. ಕಾಗದದ ಮೇಲಿನ ಮೊದಲ ಋತು ನಿಜದಲ್ಲಿ ಎಷ್ಟನೆಯದು ಎಂದು ನೀವೇ ಎಣಿಸಿಕೊಳ್ಳಿ.

ಹಿರಿಯ ಮಗ ಜೋಸೆಫ್ ವಿಷಯದಲ್ಲಿ ಲೆಕ್ಕ ಉಲ್ಟಾ ತಿರುಗುತ್ತದೆ. 2016ರ ಮಾರ್ಚಿನಲ್ಲಿ ಇಂಗ್ಲೆಂಡಿನ ಚೆಲ್ಟನಮ್‌ನ ಟ್ರಯಂಫ್ ಹರ್ಡಲ್ ಓಟವನ್ನು ಇವಾನೋವಿಚ್ ಗೋರ್ಬಟೋವ್ ಎಂಬ ಕುದುರೆ ಗೆದ್ದಿತು. ಪಿಲ್ಟೌನಿನಲ್ಲಿ ಅದನ್ನು ದಿನವೂ ನೋಡಿಕೊಂಡವರು ಜೋಸೆಫ್. ಲೈಸೆನ್ಸ್ ಇನ್ನೂ ಕೈಗೆ ಬಂದಿರದ ಕಾರಣ ಗೆಲುವು ದಾಖಲಾದದ್ದು ತಂದೆಯ ಹೆಸರಿನಲ್ಲಿ. ಆ ವರ್ಷದ ಮಧ್ಯದಲ್ಲಿ ಅವರಿಗೆ ಸ್ವಂತ ಲೈಸೆನ್ಸ್ ಬಂತು. ಮರುವರ್ಷದ ನವೆಂಬರಿನಲ್ಲಿ, 24ನೆಯ ವಯಸ್ಸಿಗೆ, ಅವರ ಕುದುರೆ ರೀಕಿಂಡ್ಲಿಂಗ್ ಮೆಲ್ಬರ್ನ್ ಕಪ್ ಗೆದ್ದಿತು. ಎರಡನೆಯ ಸ್ಥಾನಕ್ಕೆ ಬಂದದ್ದು ತಂದೆಯ ಯೋಹಾನೆಸ್ ವರ್ಮೀರ್. ಆದರೆ ರೀಕಿಂಡ್ಲಿಂಗ್ ಮೊದಲು ಇದ್ದದ್ದು ಡೇವಿಡ್ ವಾಕ್ಮನ್ ಅವರ ಲಾಯದಲ್ಲಿ, ಅವರು ಟ್ರೈನಿಂಗ್ ಬಿಟ್ಟಾಗ ಜೋಸೆಫ್ ಬಳಿಗೆ ಬಂತು. ಈಗ ಹೇಳಿ, ಯಾವ ಗೆಲುವು ಯಾರ ಖಾತೆಗೆ?

ಕಿರಿಯ ಮಗ ಡೊನಕಾ ಅವರ ಕಥೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಚಾಂಪಿಯನ್ ಜಾಕಿಯಾಗಿದ್ದಾಗಲೇ ಸವಾರಿ ಬಿಟ್ಟು 2020ರಲ್ಲಿ ಟ್ರೈನರ್ ಆದರು. ಆ ಜುಲೈನಲ್ಲೇ ಫ್ಯಾನ್ಸಿ ಬ್ಲೂ ಎಂಬ ಹೆಣ್ಣು ಕುದುರೆ ಅವರಿಗೆ ಫ್ರಾನ್ಸಿನ ಪ್ರೀ ದ ದಿಯಾನ್ ಗೆದ್ದುಕೊಟ್ಟಿತು, ಅದೇ ತಿಂಗಳ ಕೊನೆಯಲ್ಲಿ ಇಂಗ್ಲೆಂಡಿನ ನಾಸೌ ಸ್ಟೇಕ್ಸ್ ಕೂಡ. ಮೊದಲ ಋತುವಿನಲ್ಲೇ ಕ್ಲಾಸಿಕ್, ಅಂದರೆ ಮೂರು ವರ್ಷದ ಕುದುರೆಗಳ ಅತಿ ದೊಡ್ಡ ಓಟಗಳಲ್ಲೊಂದು! ಅನುಮಾನದ ಕಣ್ಣಿನಿಂದ ನೋಡಿದರೆ: ಆ ಕುದುರೆ ಎರಡು ವರ್ಷದ್ದಾಗಿದ್ದಾಗ ತಂದೆಯ ಲಾಯದಲ್ಲಿತ್ತು, ಅಲ್ಲಿಯೇ ಗೆದ್ದೂ ಇತ್ತು. ಅದರ ತಂದೆ ಜಪಾನಿನ ಡೀಪ್ ಇಂಪ್ಯಾಕ್ಟ್, ತಾಯಿ ಎಪ್ಸಮ್ ಡರ್ಬಿ ಗೆದ್ದ ಹೈ ಚಾಪರಲ್‌ನ ಒಡಹುಟ್ಟು. ಇಂಥ ರಕ್ತ ಯಾವ ಹೊಸಬನ ಲಾಯಕ್ಕೂ ತಾನಾಗಿ ನಡೆದು ಬರುವುದಿಲ್ಲ.

ಆದರೂ ಆ ಗೆಲುವಿನಲ್ಲಿ ಡೊನಕಾ ಅವರ ಪಾಲು ಎಷ್ಟೆಂದು ಊಹಿಸಲು ಒಂದು ಒಳ್ಳೆಯ ದಾರಿ ಇದೆ. ಅದೇ ಜೂನ್‌ನಲ್ಲಿ ಐರಿಷ್ ಸಾವಿರ ಗಿನಿ ಓಟದಲ್ಲಿ ಫ್ಯಾನ್ಸಿ ಬ್ಲೂವನ್ನು ಸೋಲಿಸಿದ್ದು ಪೀಸ್‌ಫುಲ್, ತಂದೆ ಏಡನ್ ಅವರ ಲಾಯದ ಕುದುರೆ. ಸುಮಾರು ಮೂರು ವಾರಗಳ ನಂತರ ಪ್ರೀ ದ ದಿಯಾನ್‌ನಲ್ಲಿ ಎರಡೂ ಮತ್ತೆ ಎದುರಾದವು. ಫ್ಯಾನ್ಸಿ ಬ್ಲೂ ಮೊದಲನೆಯದು, ಪೀಸ್‌ಫುಲ್ ಮೂರನೆಯದು. ಎದುರಾಳಿ ಅದೇ, ಮಾಲೀಕರ ಬಳಗ ಹೆಚ್ಚುಕಡಿಮೆ ಅದೇ, ಕುದುರೆಗಳ ಗುಣಮಟ್ಟ ಅದೇ. ಬದಲಾದದ್ದು ಮೂರು ವಾರಗಳ ಕೆಲಸ ಮತ್ತು ದೂರ: ಸಾವಿರ ಗಿನಿ 1600 ಮೀಟರ್, ದಿಯಾನ್ 2100. ಗೆಲುವಿನ ಪಾಲು ಹೆಚ್ಚುವರಿ 500 ಮೀಟರಿಗೆ ಎಷ್ಟು, ಟ್ರೈನರ್‌ಗೆ ಎಷ್ಟು ಎಂದು ಬಿಡಿಸಿ ಹೇಳಲು ಆಗದು. ಆದರೆ ಕುದುರೆಗೆ ದೂರ ಬೇಕು ಎಂದು ಗುರುತಿಸಿ, ಮೂರೇ ವಾರದಲ್ಲಿ ಇನ್ನೊಂದು ದೇಶಕ್ಕೆ ಕರೆದೊಯ್ದು ಸರಿಯಾದ ಓಟಕ್ಕೆ ಇಳಿಸುವುದೂ ಟ್ರೈನರ್‌ನ ಕೆಲಸವೇ. ಹೀಗೆ ಒಂದೇ ಎದುರಾಳಿಯ ವಿರುದ್ಧ ಮೊದಲು ಮತ್ತು ನಂತರ ಎಂಬ ಹೋಲಿಕೆ ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಅದನ್ನು ಹಿಡಿದುಕೊಳ್ಳಿ. ಶೇಕಡಾವಾರು ಲೆಕ್ಕಕ್ಕಿಂತ ಅದು ನೂರು ಪಾಲು ಮೇಲು.

ಇದೇ ಕಣ್ಣಿನಿಂದ ನಿಮ್ಮ ಪಟ್ಟಿಯನ್ನು ಎರಡು ಭಾಗ ಮಾಡಿದೆ. ಹಳೆಯ ಗುರುವಿನ ಲಾಯದಿಂದ ಜೊತೆಗೆ ಬಂದ ಕುದುರೆಗಳು ನಾಲ್ಕು. ಅವು 25 ಸಲ ಓಡಿ 9 ಸಲ ಗೆದ್ದಿವೆ, ಶೇಕಡಾ 36. ಉಳಿದ ಎಲ್ಲ ಕುದುರೆಗಳೂ ಸೇರಿ 45 ಸಲ ಓಡಿ 5 ಸಲ ಗೆದ್ದಿವೆ, ಶೇಕಡಾ 11. ನಿಮ್ಮ ಎರಡನೆಯ ಗೆಳೆಯ ಇಲ್ಲಿಗೆ ಪುಸ್ತಕ ಮುಚ್ಚಿ ‘ನಾನು ಹೇಳಲಿಲ್ಲವೇ’ ಎನ್ನುತ್ತಾನೆ. ಅವಸರ ಬೇಡ.

ಮಾರುಕಟ್ಟೆ ಏನು ನಿರೀಕ್ಷಿಸಿತ್ತು ಎಂದು ನೋಡಬೇಕು. ಒಂದಕ್ಕೆ ನಾಲ್ಕು ಕೊಡುವ ಕುದುರೆ ಐದರಲ್ಲಿ ಒಂದು ಸಲ ಗೆಲ್ಲಬಹುದು ಎಂದು ಆ ದರ ಹೇಳುತ್ತಿದೆ, ಒಂದಕ್ಕೆ ಒಂಬತ್ತಾದರೆ ಹತ್ತರಲ್ಲಿ ಒಂದು. ಒಂದು ಓಟದ ಎಲ್ಲ ಕುದುರೆಗಳ ಸಂಭವ ಕೂಡಿಸಿದರೆ ಮೊತ್ತ ನೂರನ್ನು ದಾಟುತ್ತದೆ, ಆ ಹೆಚ್ಚುವರಿ ಬುಕ್‌ಮೇಕರ್‌ನ ಲಾಭ. ಅದನ್ನು ಕಳೆದು, ಪ್ರತಿ ಓಟದಲ್ಲೂ ಈ ಟ್ರೈನರ್‌ನ ಕುದುರೆಗೆ ಎಷ್ಟು ಪಾಲು ಬರುತ್ತದೆ ಎಂದು ಕೂಡಿಸಿದೆ. ಹಳೆಯ ಲಾಯದ ನಾಲ್ಕು ಕುದುರೆಗಳಿಂದ ಮಾರುಕಟ್ಟೆ ನಿರೀಕ್ಷಿಸಿದ್ದು ಸುಮಾರು 8 ಗೆಲುವು, ಬಂದದ್ದು 9. ಉಳಿದವುಗಳಿಂದ ನಿರೀಕ್ಷಿಸಿದ್ದು ಸುಮಾರು 4, ಬಂದದ್ದು 5. ಅಂದರೆ ಶೇಕಡಾ 36 ಎಂದು ಮಿನುಗುವ ಭಾಗವೂ ಶೇಕಡಾ 11 ಎಂದು ಮಂಕಾಗಿ ಕಾಣುವ ಭಾಗವೂ ಒಂದೇ ಮಟ್ಟದ ಕೆಲಸ. ಜೊತೆಗೆ, ದೊಡ್ಡ ದರದ ಕುದುರೆಗಳು ತಮ್ಮ ದರ ಸೂಚಿಸುವುದಕ್ಕಿಂತಲೂ ಕಡಿಮೆ ಸಲ ಗೆಲ್ಲುತ್ತವೆ. ಬಹಳ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಹೀಗಾಗಿ ಎರಡನೆಯ ಭಾಗದ ನಿಜವಾದ ನಿರೀಕ್ಷೆ ನಾಲ್ಕಕ್ಕಿಂತ ಕೆಳಗೇ ಇರಬೇಕು. ನಿಮ್ಮ ಟ್ರೈನರ್‌ಗೆ ಹೊಗಳಿಕೆ ಸಲ್ಲುವುದಿದ್ದರೆ ಅದು ಇಲ್ಲಿ.

ನಾಲ್ಕರ ಬದಲು ಐದು ಗೆದ್ದದ್ದನ್ನು ಪುರಾವೆ ಎನ್ನಲು ಬರುವುದಿಲ್ಲ, ಒಂದು ಫೋಟೋ ಫಿನಿಷ್ ಆಚೀಚೆಯಾದರೆ ಮುಗಿಯಿತು. ಅದಕ್ಕೇ ಗೆಲುವಿನ ಜೊತೆ ಎರಡು, ಮೂರನೆಯ ಸ್ಥಾನಗಳನ್ನೂ ಎಣಿಸಬೇಕು. ಆಗ ಲೆಕ್ಕಕ್ಕೆ ಸಿಗುವ ಘಟನೆಗಳು ಮೂರು ಪಟ್ಟಾಗುತ್ತವೆ. ಆ 45 ಓಟಗಳ ಮೈದಾನಗಳಲ್ಲಿ ಸರಾಸರಿ ಹತ್ತು ಕುದುರೆಗಳಿದ್ದವು. ಚೀಟಿ ಎತ್ತಿದರೂ ಹದಿಮೂರು ಹದಿನಾಲ್ಕು ಸಲ ಮೊದಲ ಮೂರರಲ್ಲಿ ಬರಬೇಕು. ಇವರ ಕುದುರೆಗಳು ಬಂದದ್ದು 17 ಸಲ, ಅದೂ ಹೆಚ್ಚಿನವು ಯಾರೂ ದುಡ್ಡು ಹಾಕದ ಕುದುರೆಗಳಾಗಿದ್ದೂ. ಅದೃಷ್ಟವೊಂದರಿಂದಲೇ ಇಷ್ಟು ಬರುವುದು ಅಸಾಧ್ಯವೇನಲ್ಲ. ಆದರೂ ಒಳ್ಳೆಯ ಸುಳಿವು.

ಇನ್ನು ಆ ಐದು ಗೆಲುವುಗಳನ್ನು ಒಂದೊಂದಾಗಿ ನೋಡಿ. ಎರಡು ಗೆಲುವು ಒಂದೇ ಕುದುರೆಯದು, ಇವರ ಕೈಗೆ ಬಂದಾಗ ಅದರ ರೇಟಿಂಗ್ (ಸಾಮರ್ಥ್ಯಕ್ಕೆ ಕೊಡುವ ಅಂಕ) 31. ಹಿಂದೊಮ್ಮೆ ಅದು 58ರವರೆಗೆ ಏರಿತ್ತು. ನಮ್ಮ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ರೇಟಿಂಗ್ ಹೆಚ್ಚಿದ್ದಷ್ಟೂ ಕುದುರೆ ಹೊರುವ ತೂಕ ಹೆಚ್ಚು, ಒಂದು ಅಂಕಕ್ಕೆ ಅರ್ಧ ಕಿಲೋ. ಸೋಲುತ್ತ ಹೋದಂತೆ ರೇಟಿಂಗ್ ಇಳಿಯುತ್ತದೆ, 40ರಿಂದ 65ರ ದರ್ಜೆಯಲ್ಲಿ ಒದ್ದಾಡುತ್ತಿದ್ದ ಕುದುರೆ 20ರಿಂದ 45ರ ದರ್ಜೆಗೆ ಬಂದು ಬೀಳುತ್ತದೆ. ಮಾಲೀಕರಿಗೆ ಬೇಸರ ಬಂದು ಲಾಯ ಬದಲಿಸುವುದು ಸರಿಯಾಗಿ ಇದೇ ಹೊತ್ತಿಗೆ. ಹೊಸ ಲಾಯದಲ್ಲಿ ಕುದುರೆ ಗೆದ್ದರೆ ‘ಕೈಗುಣ’ ಎನ್ನುತ್ತಾರೆ. ಹಳೆಯ ಲಾಯದಲ್ಲೇ ಇದ್ದಿದ್ದರೂ ಆ ತೂಕದಲ್ಲಿ, ಆ ದರ್ಜೆಯಲ್ಲಿ ಅದು ಗೆಲ್ಲುತ್ತಿತ್ತೇನೋ. ಇಂಥ ಗೆಲುವಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಕುದುರೆ ತನ್ನ ಹಳೆಯ ಗರಿಷ್ಠ ಮಟ್ಟವನ್ನು ದಾಟಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮತ್ತೆ ಜೋಸೆಫ್ ಓಬ್ರಿಯನ್ ಕಡೆ ನೋಡಿದರೆ, ಬೋಲ್ಜರ್ ಅವರ ಲಾಯದಿಂದ ಬಂದ ಟ್ವೈಲೈಟ್ ಪೇಮೆಂಟ್ 2020ರಲ್ಲಿ, ಏಳು ವರ್ಷದ ಪ್ರಾಯದಲ್ಲಿ ಮೆಲ್ಬರ್ನ್ ಕಪ್ ಗೆದ್ದಿತು. ಕುದುರೆಗಳು ಸಾಮಾನ್ಯವಾಗಿ ಇಳಿಮುಖವಾಗುವ ವಯಸ್ಸಿನಲ್ಲಿ ಅದು ಹಿಂದೆಂದೂ ಮುಟ್ಟದ ಎತ್ತರಕ್ಕೆ ಹೋಯಿತು. ಅದು ಟ್ರೈನರ್‌ನ ಖಾತೆಗೆ ಸಂಶಯವಿಲ್ಲದೆ ಸೇರುವ ಗೆಲುವು.

ಇನ್ನೆರಡು ಗೆಲುವುಗಳ ಮೇಲೆ ನಿಮ್ಮ ಕಣ್ಣು ನೆಡಬೇಕು. ಎಲ್ಲಿಯೂ ಓಡದೆ ಸ್ಟಡ್ ಫಾರ್ಮಿನಿಂದ ನೇರ ಇವರ ಲಾಯಕ್ಕೆ ಬಂದ ಎರಡು ಕುದುರೆಗಳು ಒಂದೊಂದು ಸಲ ಗೆದ್ದಿವೆ. ಒಂದು ಕುದುರೆ ಮೊದಲ ಓಟದಲ್ಲಿ ಐದನೆಯದು, ನಂತರ ಮೂರು, ಎರಡು, ಆಮೇಲೆ ಗೆಲುವು. ನೀವು ಕೊಡಲು ಹೊರಟಿರುವುದು ಇಂಥದೇ ಕುದುರೆಯನ್ನು. ಹಳೆಯ ಲಾಯದ ಒಂಬತ್ತು ಗೆಲುವುಗಳು ನಿಮ್ಮ ತೀರ್ಮಾನಕ್ಕೆ ಅಷ್ಟೇನೂ ಉಪಯೋಗವಿಲ್ಲ, ಈ ಎರಡೇ ಉಪಯೋಗಕ್ಕೆ ಬರುವಂಥವು. ಐದನೆಯ ಗೆಲುವು ಐದು ಕುದುರೆಗಳಷ್ಟೇ ಓಡಿದ ಓಟದಲ್ಲಿ ಬಂದದ್ದು, ಅದರ ಬಗ್ಗೆ ಮಾತು ಬೇಡ.

ನಿಮ್ಮ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಇದೆ, ಅದು ನಿಮ್ಮ ತಪ್ಪಲ್ಲ. ಅದರಲ್ಲಿ ಓಡಿದ ಕುದುರೆಗಳಷ್ಟೇ ಇವೆ. ಓಡಲೇ ಆಗದ ಕುದುರೆಗಳು ಯಾವ ಫಲಿತಾಂಶದ ಕಾಗದದಲ್ಲೂ ಸಿಗುವುದಿಲ್ಲ. ಟ್ರೈನರ್ ಅವರನ್ನು ಭೇಟಿಯಾದಾಗ ನೇರವಾಗಿ ಕೇಳಿ: ಹೊಸದಾಗಿ ಎಷ್ಟು ಎಳೆಯ ಕುದುರೆಗಳು ಬಂದವು, ಎಷ್ಟು ಓಟದ ಮೈದಾನ ಕಂಡವು, ಎಷ್ಟು ಎರಡನೆಯ ಋತುವಿಗೂ ಉಳಿದವು? ಮೊಣಕಾಲಿನ ಮೂಳೆ ಇನ್ನೂ ಗಟ್ಟಿಯಾಗದ ಎರಡು ವರ್ಷದ ಕುದುರೆಯನ್ನು ಅವಸರಕ್ಕೆ ಓಡಿಸಿ ಒಂದು ಗೆಲುವು ಕಸಿದುಕೊಳ್ಳುವುದು ಕಷ್ಟವೇನಲ್ಲ. ಹೊಸಬರಿಗೆ ಆ ಆಸೆ ಹೆಚ್ಚು, ಏಕೆಂದರೆ ಗೆಲುವು ತೋರಿಸಿದರೆ ತಾನೆ ಹೊಸ ಮಾಲೀಕರು ಬರುವುದು, ಕ್ಲಬ್ಬು ಇನ್ನಷ್ಟು ಲಾಯದ ಕೋಣೆಗಳನ್ನು ಹಂಚುವುದು. ಆ ಅವಸರದ ಬೆಲೆ ಮರುವರ್ಷ ಕುಂಟುವ ಕುದುರೆಯ ಮಾಲೀಕನ ತಲೆಗೆ.

ಸೋತ ಓಟಗಳ ನಂತರ ಏನಾಯಿತು ಎಂಬುದೂ ಮುಖ್ಯ. ಕುದುರೆ ಕೆಟ್ಟದಾಗಿ ಓಡಿದ ಮೇಲೆ ಎಷ್ಟು ದಿನ ಬಿಟ್ಟು ಮತ್ತೆ ಓಡಿಸಿದರು, ದೂರ ಬದಲಿಸಿದರೇ, ಮೂಗಿನಲ್ಲಿ ರಕ್ತ ಕಂಡಿತೆಂದು ಪಶುವೈದ್ಯರ ವರದಿ ಇದ್ದರೆ ವಿಶ್ರಾಂತಿ ಎಷ್ಟು ಸಿಕ್ಕಿತು, ಓಟದ ಮೇಲ್ವಿಚಾರಕರಾದ ಸ್ಟ್ಯುವರ್ಡ್‌ಗಳು ವಿವರಣೆ ಕೇಳಿದ್ದರೇ ಎಂದು ನೋಡಿ. ನಿಮ್ಮ ಪಟ್ಟಿಯಲ್ಲಿ 1100 ಮೀಟರ್‌ನಲ್ಲಿ ಎರಡು ಸಲ ಕೊನೆಯಲ್ಲಿ ಬಂದ ಕುದುರೆಯೊಂದನ್ನು ಎರಡು ತಿಂಗಳು ಬಿಟ್ಟು 1400ಕ್ಕೆ ಇಳಿಸಿದ್ದಾರೆ, ಮೂರನೆಯದಾಯಿತು. ಆ ಒಂದು ಸಾಲು ನನಗೆ ಇಡೀ ಪಟ್ಟಿಯಲ್ಲಿ ಹೆಚ್ಚು ಇಷ್ಟವಾಯಿತು. ಕುದುರೆಯ ಮಾತು ಕೇಳಿಸಿಕೊಂಡವರು ಮಾಡುವ ಕೆಲಸ ಅದು.

ಬೆಳಗಿನ ಟ್ರ್ಯಾಕ್ ಕೆಲಸದ ಸಮಯಗಳು ಪತ್ರಿಕೆಯಲ್ಲಿ ಬರುತ್ತವಲ್ಲ, ಇನ್ನರ್ ಸ್ಯಾಂಡ್, ಔಟರ್ ಸ್ಯಾಂಡ್ ಎಂಬ ಮರಳು ಟ್ರ್ಯಾಕ್‌ಗಳ ಪ್ರಕಾರ ವಿಂಗಡಿಸಿ, ಅವನ್ನು ಒಂದೆರಡು ತಿಂಗಳು ಕತ್ತರಿಸಿಟ್ಟುಕೊಳ್ಳಿ. ‘ಸಲೀಸಾಗಿ ಓಡಿತು’ ಎಂಬ ಷರಾ ಬಿಟ್ಟುಬಿಡಿ, ಪತ್ರಿಕೆಯಲ್ಲಿ ಸಲೀಸಾಗಿ ಓಡದ ಕುದುರೆಯನ್ನು ನಾನಿನ್ನೂ ನೋಡಿಲ್ಲ. ನೋಡಬೇಕಾದದ್ದು ಕ್ರಮ: ಓಟಕ್ಕೆ ಎಷ್ಟು ದಿನ ಮುಂಚೆ ದೊಡ್ಡ ಕೆಲಸ ಕೊಡುತ್ತಾರೆ, 600 ಮೀಟರ್‌ನ ಚುರುಕು ಓಟಗಳೇ ಹೆಚ್ಚೋ ಇಲ್ಲ 1400, 1600ರ ಉದ್ದದ ಗ್ಯಾಲಪ್‌ಗಳೂ ಇವೆಯೋ, ಒಂದೇ ಅಚ್ಚಿನಲ್ಲಿ ಎಲ್ಲ ಕುದುರೆಗಳನ್ನೂ ಒತ್ತುತ್ತಾರೋ ಇಲ್ಲ ಒಂದೊಂದಕ್ಕೆ ಒಂದೊಂದು ಪಥ್ಯವೋ. ಮೊದಲ ದರ್ಜೆಯ ಜಾಕಿಗಳು ಇವರ ಕುದುರೆಗಳನ್ನು ಏರುತ್ತಿದ್ದಾರೆ ಎಂದು ಯಾರಾದರೂ ವಾದಿಸಿದರೆ ಅದಕ್ಕೆ ಹೆಚ್ಚು ತೂಕ ಕೊಡಬೇಡಿ. ಅದು ಮಾಲೀಕರ ವರ್ಚಸ್ಸನ್ನೂ ಹೇಳುತ್ತಿರಬಹುದು.

ಹಾಗಾದರೆ ಕುದುರೆ ಕೊಡಬಹುದೇ? ಕೊಡಬಹುದು ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಆ ಶೇಕಡಾ 20 ಅಲ್ಲ. ಹಿಂದೆಲ್ಲೂ ಓಡದೆ ಇವರ ಬಳಿಗೆ ಬಂದ ಕುದುರೆಗಳ ಎರಡು ಗೆಲುವು, 45 ಓಟಗಳಲ್ಲಿ 17 ಸಲ ಮೊದಲ ಮೂರರಲ್ಲಿ ಬಂದದ್ದು, ಸೋತ ಕುದುರೆಗೆ ಕಾದದ್ದು, ಇವು ಕಾರಣ. ಸಣ್ಣ ಲಾಯದಲ್ಲಿ ನಿಮ್ಮ ಒಂದು ಕುದುರೆಗೆ ಟ್ರೈನರ್ ತಾವೇ ಬಂದು ಕಾಲು ಮುಟ್ಟಿ ನೋಡುತ್ತಾರೆ. ದೊಡ್ಡ ಲಾಯದಲ್ಲಿ ಆ ಕೆಲಸ ಕುದುರೆ ನೋಡಿಕೊಳ್ಳುವ ಸೈಸ್ ಮತ್ತು ಸಹಾಯಕರದು. ಒಂದು ಷರತ್ತನ್ನು ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿ: ಕುದುರೆ ಸಿದ್ಧವಾಗುವವರೆಗೆ ನಮಗೆ ಅವಸರವಿಲ್ಲ, ಖಾಲಿ ಕುಳಿತ ತಿಂಗಳ ಖರ್ಚನ್ನೂ ಕೊಡುತ್ತೇವೆ. ಮತ್ತು ನೀವು ನಾಲ್ವರಲ್ಲಿ ಟ್ರೈನರ್ ಜೊತೆ ಮಾತನಾಡುವವರು ಒಬ್ಬರೇ ಆಗಿರಲಿ. ನಾಲ್ಕು ಕಡೆಯಿಂದ ‘ಯಾವಾಗ ಓಡಿಸುತ್ತೀರಿ’ ಎಂದು ಫೋನ್ ಹೋದರೆ ತಾಳ್ಮೆಯ ಟ್ರೈನರ್ ಕೂಡ ಅವಸರಕ್ಕೆ ಬೀಳುತ್ತಾರೆ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ. ಈ ಟ್ರೈನರ್‌ನ 14 ಗೆಲುವುಗಳಲ್ಲಿ 11 ಬಂದಿರುವುದು 1100 ಮತ್ತು 1200 ಮೀಟರ್ ಓಟಗಳಲ್ಲಿ. ಅವರಿಗೆ ಸಿಕ್ಕ ಕುದುರೆಗಳೇ ಅಂಥವೋ, ಅವರ ಪದ್ಧತಿಯೇ ಹಾಗೋ ಎಂಬುದು ಬೆಳಗಿನ ಕೆಲಸ ನೋಡಿದರಷ್ಟೇ ತಿಳಿಯುತ್ತದೆ. ನೀವು ಕೊಳ್ಳಲಿರುವ ಕುದುರೆ ವೇಗದ ರಕ್ತದ್ದಾದರೆ ಚಿಂತೆಯಿಲ್ಲ. ಮೈಲಿ ದಾಟಿದ ಮೇಲೆ ಅರಳುವ ವಂಶದ್ದಾದರೆ ಉದ್ದದ ಗ್ಯಾಲಪ್ ಕೊಡುವ ಅಭ್ಯಾಸ ಅವರಿಗಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಮುಂಗಡ ಕೊಡಬೇಡಿ. ಕುದುರೆಯ ತಂದೆ, ತಾಯಿ, ತಾಯಿಯ ತಂದೆ, ಈ ಮೂರು ಹೆಸರು ಬರೆದು ಕಳುಹಿಸಿದರೆ ಎರಡೂ ಹೊಂದುತ್ತವೆಯೇ ಎಂದು ಹೇಳಬಲ್ಲೆ.